ಮುನೀರನ ಗ್ಯಾರೇಜಿಗೆ ಬಿದ್ದ ಕಲ್ಲು

ಮುನೀರನಷ್ಟು ಅಚ್ಚುಕಟ್ಟಾದ ಬಡಗಿ ಶಿಕಾಗೋ ಸುತ್ತಮುತ್ತ ಇನ್ನೊಬ್ಬನಿಲ್ಲ. ಅವನಷ್ಟು ಪುಕ್ಕಲನೂ ಇಲ್ಲ. ದಾವಣಗೆರೆಯವನು. ಪಾರ್ಕ್ ಫಾರೆಸ್ಟ್‌ನಲ್ಲಿ ಮನೆ, ಅಡುಗೆಮನೆಗಳಿಗೆ ಕಪಾಟು ಕೂರಿಸುವ ಕೆಲಸ. ಮೊದಲೆಲ್ಲ ಬಾಗಿಲು ತಟ್ಟಿದವರನ್ನು ಚಹಾ ಕೊಡದೆ ಕಳಿಸಿದವನಲ್ಲ. ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೇಲೆ ಬಾಗಿಲು ತಟ್ಟಿದರೆ ಸಾಕು, ಬೆಚ್ಚುತ್ತಿದ್ದ.

೨೦೦೩ರ ಮಾರ್ಚ್. ಇರಾಕ್ ಯುದ್ಧ ಶುರುವಾಗಿ ಒಂದು ವಾರ. ಬೆಳಿಗ್ಗೆ ಫೋನ್ ಮಾಡಿದ. "ಶಶಿ, ಈಗ್ಲೇ ಬಾ. ಫೋನಲ್ಲಿ ಹೇಳಕ್ಕಾಗಲ್ಲ."

ನಾನಿದ್ದ ಬೋಲಿಂಗ್‌ಬ್ರೂಕ್‌ನಿಂದ ಡ್ರೈವ್ ಮಾಡಿಕೊಂಡು ಹೋದೆ. ಗ್ಯಾರೇಜಿನಲ್ಲಿ ಟವೆಲ್ ಸುತ್ತಿದ ಒಂದು ಕಪ್ಪು ಕಲ್ಲು. ರಾತ್ರಿ ಸೂರು ಒಡೆದುಕೊಂಡು ಬಿದ್ದಿತ್ತಂತೆ. ಬೆಳಗಾಗುವುದರೊಳಗೆ ಈ ಪುಣ್ಯಾತ್ಮ ತೂತಿಗೆ ಹಲಗೆ ಹೊಡೆದು, ಬಣ್ಣವನ್ನೂ ಬಳಿದಿದ್ದ.

"ಇದನ್ನ ನೀನು ತಗೊಂಡ್ಹೋಗು. ಯುದ್ಧ ನಡೀತಿದೆ, ನಮ್ಮನೇಲಿ ಆಕಾಶದಿಂದ ಏನೋ ಬಿತ್ತು ಅಂದ್ರೆ ಪೊಲೀಸ್ರು ಸುಮ್ನಿರ್ತಾರಾ? ನಿನ್ನನ್ಯಾರೂ ಕೇಳಲ್ಲ."

"ಅಯ್ಯೋ ಮಾರಾಯ, ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀನಿ!" ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಳಗೆ ಟಿವಿ ನೋಡುತ್ತಿದ್ದ ಅವನ ಮಗಳು ದಾನಿಯಾ ಕೂಗಿದಳು. "ಅಬ್ಬಾ, ಇಟ್ಸ್ ಎ ಮೀಟಿಯರೈಟ್! ಎವ್ರಿಬಡಿ ಗಾಟ್ ಒನ್!"

ಉಲ್ಕೆ! ಮಂಗಳನಿಗೂ ಗುರುವಿಗೂ ನಡುವೆ ಸುತ್ತುವ ಬಂಡೆಗಳು ಎಂದೋ ಡಿಕ್ಕಿ ಹೊಡೆದು, ಸಿಡಿದ ಚೂರೊಂದು ಕೋಟ್ಯಂತರ ವರ್ಷ ಅಲೆದು, ನಮ್ಮ ಗಾಳಿಯಲ್ಲಿ ಉರಿದು ಒಡೆದು ಊರೆಲ್ಲ ಬಿದ್ದಿತ್ತು. ಬೀದಿಯವರೆಲ್ಲ ತಮ್ಮ ತಮ್ಮ ಕಲ್ಲು ಹಿಡಿದು ಹೊರಗೆ ನಿಂತಿದ್ದರು.

ಮುನೀರನ ಹೆಂಡತಿ ಗುಲ್‌ಶನ್ ಕಲ್ಲನ್ನು ಕಿತ್ತುಕೊಂಡಳು. "ಗಂಡಸರಂತೆ ಗಂಡಸರು! ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ, ಕದೀದೇ ಇರೋರಿಗೆ ಯಾಕ್ರೀ ಈ ಪಾಡು? ಆಕಾಶದಿಂದ ಬಿದ್ದಿದ್ದಕ್ಕೂ ನಾವೇ ಜವಾಬ್ದಾರಿನಾ?"

ಅರ್ಧ ಗಂಟೆಯಲ್ಲಿ, ಬಿದ್ದ ಕಲ್ಲುಗಳನ್ನು ನೋಡಲು ಊರಿಗೆ ಬಂದಿದ್ದ ಒಬ್ಬ ವಿಜ್ಞಾನಿ ಹೆಂಗಸನ್ನೂ ಒಬ್ಬ ಪೊಲೀಸಿನವನನ್ನೂ ಕರೆತಂದಳು. ಮುನೀರನ ಮುಖ ಬಿಳಿಚಿಕೊಂಡಿತು. ಆ ಹೆಂಗಸು ಕಲ್ಲನ್ನು ಹಸುಗೂಸಿನಂತೆ ಹಿಡಿದುಕೊಂಡು, "ತೂತೆಲ್ಲಿ? ಯಾವ ಕಡೆಯಿಂದ ಬಂತೆಂದು ಅದನ್ನು ನೋಡಿಯೇ ತಿಳಿಯಬೇಕು" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಎಲ್ಲರೂ ಮೇಲೆ ನೋಡಿದೆವು. ತೂತಿದ್ದ ಗುರುತೇ ಇಲ್ಲ. ಹಾಳು ಅಚ್ಚುಕಟ್ಟು!

"ಯಾಕೆ ಮುಚ್ಚಿದಿರಿ?" ಪೊಲೀಸಿನವನು ಕೇಳಿದ.

ಮಳೆ ಬರುವ ಹಾಗಿತ್ತು ಎಂದೇನಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮುನೀರನೇ ಹೇಳಿದ.

"ನಿಮಗೆ ಹೆದರಿ."

ಪೊಲೀಸಿನವನು ಟೋಪಿ ತೆಗೆದು ಪಕ್ಕಕ್ಕಿಟ್ಟು, ಗೋಡೆಗೊರಗಿದ್ದ ಏಣಿಯನ್ನು ತಂದು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ಮುನೀರ್ ಮೇಲೆ ಹತ್ತಿ, ತಾನೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದ.