ಪಾಲಿಗೆ ಬಂದ ಕಣ

ನನಗೆ ಮಕ್ಕಳಾಗಲಿಲ್ಲ. ಹೀಗೆ ನೇರವಾಗಿ ಹೇಳಿದರೆ ಎದುರಿಗಿದ್ದವರು ಗಲಿಬಿಲಿಗೊಂಡು ‘ಛೆ, ಹಾಗೆಲ್ಲ ಅನ್ಬಾರ್ದು’ ಎನ್ನುತ್ತಾರೆ. ಮತ್ತೆ ಹೇಗೆ ಅನ್ನಬೇಕೋ? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಜನ. ಮಕ್ಕಳಾಗುವುದಿಲ್ಲ ಎಂಬುದನ್ನು ನಾನೂ ನಮ್ಮವರೂ ಯಾವತ್ತೋ ಒಪ್ಪಿಕೊಂಡಿದ್ದೆವು. ಒಪ್ಪಿಕೊಂಡವರನ್ನು ಅವರ ಪಾಡಿಗೆ ಬಿಡಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ. ಇಷ್ಟು ವರ್ಷವಾದರೂ ಅದು ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾವಿಬ್ಬರೂ ಬಾಳೂರಿನ ಕಡೆಯಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗಿಬಂದು ಹೋಗಿಬಂದು ಸುಸ್ತಾಗಿದ್ದೆವು. ಕಡೆಗೆ ಒಂದು ದಿನ ಅಲ್ಲಿಯ ಡಾಕ್ಟರಮ್ಮ ಔಷಧಿ ಬರೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ‘ಇನ್ನು ಸುಮ್ನೆ ಓಡಾಡ್ಬೇಡಿ. ಇಬ್ರೂ ಚೆನ್ನಾಗಿದೀರಿ, ಹಾಗೇ ಚೆನ್ನಾಗಿರಿ’ ಎಂದರು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಮ್ಮವರು ನನ್ನನ್ನು ಕೇಳದೆಯೇ ನನಗೆ ಎರಡನೇ ಮಸಾಲೆ ದೋಸೆ ಹೇಳಿದರು. ಬೇರೇನು ಮಾಡಬೇಕೆಂದು ಅವರಿಗೂ ತೋಚಿರಲಿಕ್ಕಿಲ್ಲ, ಪಾಪ. ಬಸ್ಸು ಮೂಡಿಗೆರೆ ದಾಟಿದ ಮೇಲೆ, ‘ಬಿಡು ಮಾರಾಯ್ತಿ, ನಾವಿಬ್ರೇ ಇರಾಣ. ಈಗ ಎಂತ ಕಮ್ಮಿ ಆಗಿದೆ?’ ಎಂದರು. ನಾನು ಕಿಟಕಿಯ ಕಡೆ ತಿರುಗಿ ಅತ್ತೆನಾದರೂ ಕೊಟ್ಟಿಗೆಹಾರ ಬರುವಷ್ಟರಲ್ಲಿ ಮುಖ ಒರೆಸಿಕೊಂಡು ‘ಆಯ್ತು’ ಎಂದಿದ್ದೆ. ಆಯ್ತು ಎಂದರೆ ಆಯ್ತು. ಮತ್ತೆ ಹರಕೆಯಿಲ್ಲ, ಕಷಾಯವಿಲ್ಲ, ಉಪವಾಸವಿಲ್ಲ.

ಆಗಿನ್ನೂ ಒಟ್ಟು ಕುಟುಂಬ. ಅತ್ತೆ ಮಾವ ತೀರಿಕೊಂಡಿದ್ದರು. ಭಾವ, ಎಂದರೆ ನಮ್ಮವರ ಅಣ್ಣ, ತೋಟ ನೋಡಿಕೊಳ್ಳುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮನೆ ಅಕ್ಕನ ಕೈಯಲ್ಲಿ. ಅವರಿಗೆ ಒಬ್ಬಳೇ ಮಗಳು. ಆ ಹುಡುಗಿ ಹೆಚ್ಚಾಗಿ ನನ್ನ ಹತ್ತಿರವೇ ಬೆಳೆದಳು ಎಂದರೆ ಸುಳ್ಳಲ್ಲ. ತಲೆಗೆ ಎಣ್ಣೆ ಹಚ್ಚುವುದು, ಹೇನು ತೆಗೆಯುವುದು, ಜ್ವರ ಬಂದಾಗ ರಾತ್ರಿ ಎದ್ದು ಗಂಜಿ ಕಾಯಿಸುವುದು, ಎಲ್ಲದಕ್ಕೂ ನನ್ನ ಕೈ ಆಗುತ್ತಿತ್ತು. ಆಗ ಯಾರೂ ಆ ಕೈಯನ್ನು ತಿರುವಿ ಮುರುವಿ ನೋಡಲಿಲ್ಲ.

ನಮ್ಮ ನಾದಿನಿಯ ಸೀಮಂತ ಬಂತು. ಸೀಮಂತವೆಂದರೆ ನೆಂಟರಿಷ್ಟರ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಬಸುರಿಗೆ ಕುಂಕುಮವಿಟ್ಟು, ಬಳೆ ತೊಡಿಸಿ, ಮಡಿಲು ತುಂಬಿ, ಆರತಿ ಎತ್ತುವುದು. ನಾನು ಮನೆಯ ಸೊಸೆ. ನನ್ನ ಸರದಿ ಬಂತೆಂದು ಆರತಿ ತಟ್ಟೆ ಹಿಡಿದು ಎದ್ದೆ. ಅಕ್ಕ ನಗುನಗುತ್ತಲೇ ಬಂದು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು.

‘ನೀನು ಒಳಗೆ ಪಾಯಸ ನೋಡ್ಕೋ ಮಾರಾಯ್ತಿ, ತಳ ಹಿಡಿದೀತು. ಇದೆಲ್ಲ ಮಕ್ಕಳೊಂದಿಗರು ಮಾಡ್ಲಿ.’

ಸುತ್ತ ಕೂತಿದ್ದವರಲ್ಲಿ ಒಬ್ಬಾಕೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. ನಾದಿನಿ ತಲೆ ತಗ್ಗಿಸಿದಳು. ಮೈಯೆಲ್ಲ ಉರಿದುಹೋಯಿತು ನನಗೆ. ಒಳಗೆ ಹೋಗಿ ಪಾಯಸ ನೋಡಿದೆ. ಬೇಕೆಂದೇ ಸೌಟು ಹಾಕದೆ ನಿಂತು ನೋಡಿದೆ. ತಳ ಹಿಡಿಯಿತು. ಸೀದ ಪಾಯಸವನ್ನೇ ನೆಂಟರಿಗೆಲ್ಲ ಬಡಿಸಿ, ‘ಇನ್ನೊಂಚೂರು ಹಾಕ್ಸ್ಕೊಳಿ’ ಎಂದು ಉಪಚಾರವನ್ನೂ ಮಾಡಿದೆ. ಆದರೆ ಅಷ್ಟಕ್ಕೆಲ್ಲ ತಣಿಯುವ ಉರಿಯಲ್ಲ ಅದು. ಇದೇ ಹೆಂಗಸು ಒಂದು ದಿನ ಊರವರ ಎದುರು ತನ್ನ ಕೈಯಾರೆ ಆ ತಟ್ಟೆಯನ್ನು ನನಗೆ ಕೊಡಬೇಕು. ಅಲ್ಲಿಯವರೆಗೆ ಇವಳನ್ನು ಬಿಡಬಾರದು ಎಂದುಕೊಂಡೆ. ಮಗು ಬೇಕೆಂದು ಕೂಡ ನಾನು ಇಷ್ಟು ಗಟ್ಟಿಯಾಗಿ ಬೇಡಿಕೊಂಡಿರಲಿಲ್ಲ.

ಒಂದೆರಡು ವರ್ಷದಲ್ಲಿ ಪಾಲಿನ ಮಾತು ಬಂತು. ನಮ್ಮ ಕಡೆ ಪಾಲಾಗುವಾಗ ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಮೋಸಕ್ಕೆ ಎಡೆಯಿರಬಾರದೆಂದು ಹಿಂದಿನವರು ಮಾಡಿದ ಪದ್ಧತಿ. ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದಾಯಿತು. ಭಾವ ತೋಟವನ್ನೂ ಎರಡು ಮಾಡಿದರು. ಒಂದರಲ್ಲಿ ಹಳ್ಳದ ಪಕ್ಕದ ಒಳ್ಳೆಯ ಮಣ್ಣಿನ ತೋಟ. ಇನ್ನೊಂದರಲ್ಲಿ ಗುಡ್ಡದ ಮೇಲಿನ ಕಲ್ಲುತೋಟ, ಆ ಕೊರತೆ ತುಂಬಲು ಮನೆಯ ಮುಂದಿನ ಸಿಮೆಂಟಿನ ಕಣ. ಬುದ್ಧಿಯಿದ್ದವರು ಯಾರಾದರೂ ಹಳ್ಳದ ತೋಟವನ್ನೇ ಆರಿಸಿಕೊಳ್ಳುತ್ತಾರೆ. ಆಗ ಕಣ ತಮಗೆ ಉಳಿಯುತ್ತದೆ. ಒಂದು ವೇಳೆ ನಾವು ಕಣ ತೆಗೆದುಕೊಂಡರೂ ನಷ್ಟವೇನಿಲ್ಲ, ಒಂದೇ ಮನೆಯವರ ಕಣಕ್ಕೆ ಯಾರು ಬೇಲಿ ಹಾಕುತ್ತಾರೆ? ಅದು ಭಾವ ಅಕ್ಕನ ಲೆಕ್ಕ.

ಕಣದ ಬೆಲೆ ಬಯಲುಸೀಮೆಯವರಿಗೆ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಒಂದು ಮಂಚ ಹಾಕುವಷ್ಟು ಸಮತಟ್ಟು ಜಾಗ ಬೇಕೆಂದರೂ ಗುಡ್ಡ ಕಡಿಯಬೇಕು. ಕುಯ್ದ ಕಾಫಿ ಹರಡಿ ಒಣಗಿಸುವುದು ಅಲ್ಲಿ, ಮೆಣಸು ಒಣಗಿಸುವುದು ಅಲ್ಲಿ, ಮದುವೆ ಮುಂಜಿಗೆ ಚಪ್ಪರ ಹಾಕುವುದೂ ಅಲ್ಲಿಯೇ. ಆರಿಸುವ ಹಿಂದಿನ ದಿನ ನಾನು ನಮ್ಮವರಿಗೆ ಕಣವಿರುವ ಪಾಲನ್ನೇ ಕೇಳಬೇಕೆಂದು ಹೇಳಿದೆ.

‘ತಲೆ ಕೆಟ್ಟಿದೆಯಾ ನಿಂಗೆ? ಆ ಕಲ್ಲಲ್ಲಿ ಎಂತ ಬೆಳೀತದೆ?’

‘ಬೆಳೆದು ಯಾರಿಗೆ ಬಿಟ್ಟುಹೋಗ್ಬೇಕು ಮಾರಾಯ್ರೇ ನಾವು?’

ಆ ಮಾತು ಅವರಿಗೆ ಚುಚ್ಚುತ್ತದೆಂದು ನನಗೆ ಗೊತ್ತಿತ್ತು. ಆದರೂ ಆಡಿದೆ. ಮರುದಿನ ನಮ್ಮವರು ನಾಲ್ಕು ಜನರ ಎದುರು ‘ಕಲ್ಲುತೋಟ ಮತ್ತು ಕಣ’ ಎಂದರು. ಭಾವ ಬಾಯಿ ತೆರೆದವರು ಹಾಗೆಯೇ ಕೂತರು. ಅಕ್ಕನಿಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡರು.

ಆ ನಗು ಮುಂದಿನ ಸುಗ್ಗಿಗೇ ಇಳಿಯಿತು. ಕುಯ್ಲು ಶುರುವಾಗಿ ಮೊದಲ ದಿನವೇ ಅವರ ಆಳುಗಳು ಚೀಲ ಹೊತ್ತುಕೊಂಡು ಬಂದು ಕಣದಲ್ಲಿ ಸುರಿಯಲು ಹೊರಟರು. ‘ನಿಮ್ಮ ಅಮ್ಮೋರು ಬಂದು ಕೇಳ್ಲಿ’ ಎಂದು ತಡೆದೆ. ಅಕ್ಕ ಬಂದರು. ‘ಇದೆಂತ ಹೊಸ ಶಾಸ್ತ್ರ?’ ಎಂದರು. ‘ಶಾಸ್ತ್ರ ಎಲ್ಲ ನಿಮಗೇ ಗೊತ್ತಿರೋದು ಅಕ್ಕ. ನಂಗೇನು ಗೊತ್ತು? ಕೇಳಿದ್ರೆ ಕೊಡ್ತೀನಿ, ಅಷ್ಟೆ’ ಎಂದೆ. ಬಿಸಿಲು ಏರುತ್ತಿತ್ತು, ಹಣ್ಣು ಚೀಲದೊಳಗೇ ಬೆವರುತ್ತಿತ್ತು. ಅಕ್ಕ ಕೇಳಿದರು. ಅಲ್ಲಿಂದ ಪ್ರತಿ ಸುಗ್ಗಿಗೂ ಕೇಳಿಸಿದೆ. ಕೊಡುವುದಂತೂ ಕೊಡುತ್ತಿದ್ದೆ, ಆದರೆ ಒಳಗಿನಿಂದ ‘ಯಾರು?’ ಎಂದು ಕೂಗಿ, ಕೈ ತೊಳೆದು, ಒರೆಸಿಕೊಂಡು, ಅವರನ್ನು ಬಿಸಿಲಲ್ಲಿ ಒಂದಿಷ್ಟು ನಿಲ್ಲಿಸಿಯೇ ಹೊರಗೆ ಬರುತ್ತಿದ್ದೆ. ಕಲ್ಲುತೋಟದಲ್ಲಿ ನಮ್ಮ ಫಸಲು ಅಷ್ಟಕ್ಕಷ್ಟೇ. ಆ ನಷ್ಟ ಹೋಗಲಿ ಎನ್ನಿಸುವಷ್ಟು ರುಚಿಯಿತ್ತು ಅದರಲ್ಲಿ.

ಎರಡು ಸಾವಿರದ ಇಸವಿ ಕಳೆದ ಮೇಲೆ ಅಕ್ಕನ ಮಗಳಿಗೆ ಮದುವೆಯಾಗಿ, ಬಸುರಿಯಾಗಿ, ತವರಿನಲ್ಲಿ ಸೀಮಂತವೆಂದು ನಿಶ್ಚಯವಾಯಿತು. ದೀಪಾವಳಿ ಕಳೆದಿತ್ತು, ಕುಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ. ಅಕ್ಕ ಬಂದರು. ಆ ಸಲ ನಾನು ಬಿಸಿಲಲ್ಲಿ ನಿಲ್ಲಿಸಲಿಲ್ಲ, ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ.

‘ಚಪ್ಪರ ಹಾಕಕ್ಕೆ ಕಣ ಬೇಕಿತ್ತು.’

‘ಹಾಕಿ. ಮೊದಲ ಆರತಿ ನಂದು, ಮೊದಲು ಮಡಿಲು ತುಂಬೋದೂ ನಾನೇ. ತಟ್ಟೆ ನೀವೇ ನನ್ನ ಕೈಗೆ ಕೊಡ್ಬೇಕು.’

ಅಕ್ಕ ಲೋಟ ಕೆಳಗಿಟ್ಟರು. ಮುಖದ ಬಣ್ಣ ಇಳಿಯಿತು. ಮರೆತಿರಲಿಲ್ಲ ಎಂದಾಯಿತು. ‘ಬೇರೇನಾದ್ರೂ ಕೇಳು’ ಎಂದರು. ‘ನಂಗೆ ಬೇರೇನೂ ಬೇಡ’ ಎಂದೆ. ಕಡೆಗೆ ‘ಆಯ್ತು’ ಎಂದು ಎದ್ದುಹೋದರು. ಅವತ್ತು ರಾತ್ರಿ ಹಸುಗೂಸಿನ ಹಾಗೆ ನಿದ್ದೆ ಮಾಡಿದೆ ನಾನು.

ಸೀಮಂತದ ದಿನ ಕಣ ತೊಳೆಸಿ ರಂಗೋಲಿ ಹಾಕಿದ್ದು ನಾನೇ. ಒಳ್ಳೆಯ ರೇಷ್ಮೆ ಸೀರೆ ಉಟ್ಟೆ. ಹುಡುಗಿ ಹಸಿರು ಸೀರೆಯಲ್ಲಿ ಲಕ್ಷಣವಾಗಿ ಕೂತಿದ್ದಳು. ಊರ ಹೆಂಗಸರೆಲ್ಲ ನೋಡುತ್ತಿದ್ದ ಹಾಗೆ ಅಕ್ಕ ಆರತಿ ತಟ್ಟೆ ತಂದು ನನ್ನ ಕೈಗೆ ಕೊಟ್ಟರು. ಇಷ್ಟು ವರ್ಷ ಕಾದದ್ದು ಇದಕ್ಕೇ ತಾನೇ? ನಿಧಾನವಾಗಿ ಹೆಜ್ಜೆ ಹಾಕಿಕೊಂಡು ಹುಡುಗಿಯ ಮುಂದೆ ಹೋದೆ.

ನನ್ನನ್ನು ಕಂಡವಳೇ ಅವಳು ಸೆರಗೆಳೆದುಕೊಂಡು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು.

ಯಾರೂ ಹೇಳಿಕೊಟ್ಟು ಮಾಡಿದ್ದಲ್ಲ. ತಾನಾಗಿಯೇ ಮಾಡಿದಳು. ನನ್ನ ಕಣ್ಣು ಹೊಟ್ಟೆಯ ಮೇಲೆ ಬೀಳಬಾರದೆಂದು. ಆರತಿ ಎತ್ತಿದೆ. ಮಡಿಲು ತುಂಬಲು ಅಕ್ಕಿ, ಕೊಬ್ಬರಿ, ಬೆಲ್ಲ ತೆಗೆದುಕೊಂಡೆ. ಅವಳು ಸೆರಗು ಒಡ್ಡಲಿಲ್ಲ. ‘ಸೆರಗು ಒಡ್ಡೆ ಮಗಳೇ’ ಎಂದು ಅಕ್ಕ ಪಿಸುಗುಟ್ಟಿದರು. ಒಡ್ಡಲಿಲ್ಲ. ‘ಚಿಕ್ಕಮ್ಮ ಅಲ್ವೇನೆ, ಒಡ್ಡು’ ಎಂದು ಎಲ್ಲರಿಗೂ ಕೇಳುವ ಹಾಗೆ ಬೇಡಿಕೊಂಡರು. ಹುಡುಗಿ ತಲೆ ತಗ್ಗಿಸಿ ಅಳತೊಡಗಿದಳೇ ಹೊರತು ಕೈ ತೆಗೆಯಲಿಲ್ಲ. ಅವಳ ಬೈತಲೆ ನೋಡುತ್ತಾ ನಿಂತೆ. ಆ ಬೈತಲೆ ತೆಗೆದು ಜಡೆ ಹಾಕಿದ್ದು ಒಂದು ದಿನವೇ, ಎರಡು ದಿನವೇ?

‘ಬಿಡಿ ಅಕ್ಕ’ ಎಂದೆ. ‘ನೀವು ಕಲಿಸಿದ್ದನ್ನ ಚೆನ್ನಾಗೇ ಕಲ್ತಿದಾಳೆ.’

ಅಕ್ಕಿ ಕೊಬ್ಬರಿಯನ್ನೆಲ್ಲ ಅಕ್ಕನ ಸೆರಗಿಗೇ ಸುರಿದು ಒಳಗೆ ಬಂದೆ. ಅವಮಾನವಾಗಬೇಕೆಂದು ನಾನು ಬಯಸಿದ್ದು ಅಕ್ಕನಿಗೆ. ಆದದ್ದೂ ಅವರಿಗೇ. ಆದರೂ ಬಾಗಿಲು ಹಾಕಿಕೊಂಡು ಅತ್ತವಳು ನಾನು. ಅಳು ನಿಂತ ಮೇಲೆ ಎದ್ದು, ಈ ವರ್ಷ ಕಣಕ್ಕೆ ಅವರ ಒಂದು ಹಣ್ಣೂ ಬೀಳಬಾರದೆಂದು ತೀರ್ಮಾನ ಮಾಡಿದೆ. ಇನ್ನು ಕೇಳಿದರೂ ಇಲ್ಲ.

ಬೀಳಲಿಲ್ಲ. ಕಣದ ಸುತ್ತ ಮುಳ್ಳುತಂತಿ ಎಳೆಸಿದೆ. ಕಾಫಿ ರೇಟು ನೆಲಕಚ್ಚಿದ್ದ ಕಾಲ, ಹೊಸ ಕಣಕ್ಕಾಗಿ ಗುಡ್ಡ ಕಡಿಸುವ ತ್ರಾಣ ಭಾವನಿಗಿರಲಿಲ್ಲ. ಅವರು ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ ಟಾರ್ಪಾಲು ಹಾಸಿ ಒಣಗಿಸಿದರು. ದನ ತುಳಿಯಿತು, ಜೀಪು ಧೂಳೆಬ್ಬಿಸಿತು. ನಮ್ಮವರು ‘ಸಾಕು ಮಾರಾಯ್ತಿ, ಒಡಹುಟ್ಟಿದವ್ನು’ ಎಂದು ಒಂದೆರಡು ಸಲ ಹೇಳಿ ನೋಡಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ನಡುವೆ ಹುಡುಗಿಗೆ ಹೆರಿಗೆಯಾಯಿತು, ಗಂಡು ಮಗು. ನಡುಗೋಡೆಯ ಆಚೆಯಿಂದ ಅಳು ಕೇಳುತ್ತಿತ್ತು. ನೋಡಲು ನಾನು ಹೋಗಲಿಲ್ಲ, ಅವರು ಕರೆಯಲೂ ಇಲ್ಲ.

ಮಾರ್ಚಿನಲ್ಲಿ ಒಂದು ದಿನ ಮಧ್ಯಾಹ್ನ ಕಳಸದ ಕಡೆಯಿಂದ ಮೋಡ ಕವಿಯಿತು. ಕಾಫಿ ಹೂ ಅರಳಲು ಆ ಮಳೆ ಬೇಕು, ಅದಕ್ಕಾಗಿ ಎಲ್ಲರೂ ಆಕಾಶ ನೋಡುತ್ತಿರುತ್ತೇವೆ. ಆದರೆ ಅವರ ರೊಬಸ್ಟಾ ಕಾಫಿ ಇನ್ನೂ ಅರ್ಧ ಒಣಗಿ ರಸ್ತೆಯ ಬದಿಯಲ್ಲಿತ್ತು. ಎರಡು ಮಳೆ ಬಿದ್ದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ನಮ್ಮ ಕಣದ ಪಕ್ಕದಲ್ಲಿ ಶೆಡ್ಡಿದೆ, ಎಳೆದು ಒಳಗೆ ಹಾಕಿದರೆ ಉಳಿಯುತ್ತದೆ. ಬಾಗಿಲು ಬಡಿದ ಸದ್ದಾಯಿತು. ಅಕ್ಕನಿರಬೇಕು, ನಿಲ್ಲಲಿ ಎಂದುಕೊಂಡು ನಿಧಾನಕ್ಕೆ ಹೋದೆ. ಹುಡುಗಿ ನಿಂತಿದ್ದಳು. ಬಾಣಂತಿ, ತಲೆಗೆ ಬಟ್ಟೆ ಸುತ್ತಿದ್ದಳು, ಕೈಯಲ್ಲಿ ಮಗು.

‘ಚಿಕ್ಕಮ್ಮ, ಒಂದ್ಸಲ ಶೆಡ್ ಬಿಟ್ಟುಕೊಡಿ. ಅಪ್ಪಯ್ಯ ಒಬ್ರೇ ಒದ್ದಾಡ್ತಿದಾರೆ.’

ಅವಳು ಒಂದು ಹೆಜ್ಜೆ ಮುಂದೆ ಬಂದು ಮಗುವನ್ನು ನನ್ನ ಕಡೆ ನೀಡಿದಳು.

‘ಎತ್ಕೊಳಿ ಚಿಕ್ಕಮ್ಮ. ನೀವಿನ್ನೂ ನೋಡೇ ಇಲ್ಲ ಇವನ್ನ.’

‘ಕಾಫಿ ನೆನೆಯೋ ಹೊತ್ತಿಗೆ ನನ್ನ ಕೈ ಒಳ್ಳೇದಾಯ್ತಾ?’ ಎಂದೆ.

ಅವಳು ಮಗುವನ್ನು ಹಾಗೆಯೇ ನೀಡಿಕೊಂಡು ನಿಂತಿದ್ದಳು. ನನ್ನ ಕೈಗಳು ಸೆರಗಿನೊಳಗೆ ಒಂದನ್ನೊಂದು ಹಿಡಿದುಕೊಂಡಿದ್ದವು. ದಪ್ಪ ಹನಿ ಬೀಳತೊಡಗಿತು. ‘ಒಳಗೆ ಕರ್ಕೊಂಡು ಹೋಗು, ಥಂಡಿ ಆದೀತು’ ಎಂದು ಬಾಗಿಲು ಹಾಕಿ ಚಿಲಕ ಎಳೆದೆ.

ಮಳೆ ಸಂಜೆಯವರೆಗೂ ಹೊಯ್ಯಿತು. ಕಿಟಕಿಯ ಬಳಿ ಕೂತು ಅವರ ಕಾಫಿ ರಸ್ತೆಯ ನೀರಿನಲ್ಲಿ ಹರಿದುಹೋಗುವುದನ್ನು ಕಣ್ತುಂಬ ನೋಡಿದೆ. ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಮೂಡಿಗೆರೆಗೆ ಹೋಗಿದ್ದ ನಮ್ಮವರು ನೆನೆದುಕೊಂಡು ಬಂದರು. ದಾರಿಯಲ್ಲಿ ಯಾರೋ ಎಲ್ಲವನ್ನೂ ಹೇಳಿದ್ದರು. ತಲೆ ಒರೆಸಿಕೊಳ್ಳುತ್ತಾ ಕಾಫಿಯ ಮಾತನ್ನೇ ಎತ್ತದೆ, ‘ಮಗು ಹೇಗಿದ್ಯೆ?’ ಎಂದು ಮೆಲ್ಲಗೆ ಕೇಳಿದರು.

‘ನೋಡ್ಲಿಲ್ಲ’ ಎಂದೆ.

ನೋಡಿದ್ದೆ. ನನ್ನನ್ನು ಕಂಡು ನಕ್ಕಿತ್ತು ಅದು. ನಕ್ಕಾಗ ಎಡಗೆನ್ನೆಯಲ್ಲಿ, ನಮ್ಮವರಿಗೆ ಬೀಳುವ ಜಾಗದಲ್ಲಿಯೇ, ಒಂದು ಸಣ್ಣ ಕುಳಿ ಬಿದ್ದಿತ್ತು.