ಬೊಟ್ಟಿಟ್ಟ ಕಂಪ್ಯೂಟರು

ಹಾಸನದ ಕಾಲೇಜಿಗೆ ಆಗಷ್ಟೇ ಕಂಪ್ಯೂಟರು ಬಂದಿತ್ತು. ಪೈಪಿನೊಳಗೆ ಬಿಸಿನೀರು ತಣ್ಣೀರು ಸುಳಿಸುಳಿಯಾಗಿ ಬೆರೆಯುವುದನ್ನು ನಮ್ಮ ಮೇಷ್ಟ್ರು ಅದರಲ್ಲಿ ತಿಂಗಳುಗಟ್ಟಲೆ ಲೆಕ್ಕ ಹಾಕಿಸಿದರು. ಎರಡೂ ಕೂಡಿದ ಮೇಲೂ ಗೇಣುದ್ದ ಬೇರೆಬೇರೆಯಾಗಿಯೇ ಹರಿಯುತ್ತವೆ ಎಂದಿತು ಪರದೆ. ನಾವು ನಂಬಲಿಲ್ಲ.

ಮೇಷ್ಟ್ರು ಗಾಜಿನ ಪೈಪು ಜೋಡಿಸಿ, ಬಿಸಿನೀರಿಗೆ ಅರಿಸಿನ, ತಣ್ಣೀರಿಗೆ ಸುಣ್ಣದ ತಿಳಿ ಬೆರೆಸಿ ಅದರೊಳಗೆ ಹರಿಯಬಿಟ್ಟರು. ಎರಡೂ ಬೆರೆತಲ್ಲಿ ಕೆಂಪಾಗಬೇಕು.

“ಕೂಡಿದ ತಕ್ಷಣ ಕೆಂಪಾಯ್ತದೆ ಸಾ!”

“ಬೆರೀಲಿ, ತಡೀರೋ.” ಅವರು ಯಾವುದಕ್ಕೂ ಹೇಳುತ್ತಿದ್ದ ಮಾತೇ ಅದು.

ಗೇಣುದ್ದಕ್ಕೂ ನಡುವೆ ಒಂದು ಕೆಂಪು ಎಳೆ, ಅಷ್ಟೇ. ಆಮೇಲೆ ಪೈಪು ತುಂಬ ಕೆಂಪೋ ಕೆಂಪು! ಮೇಷ್ಟ್ರು ಕುಣಿದೇಬಿಟ್ಟರು.

ಅರಿಸಿನ ತಂದುಕೊಟ್ಟಿದ್ದ ಅವರ ಹೆಂಡತಿ, “ಆರತಿ ನೀರು ಕಣ್ರೀ, ಚರಂಡಿಗೆ ಚೆಲ್ಬೇಡಿ,” ಎಂದು ಅದನ್ನು ತಟ್ಟೆಗೆ ಬಗ್ಗಿಸಿಕೊಂಡು ಗಂಡನೆದುರು ನಿಂತರು.

ಮೇಷ್ಟ್ರು ಪಕ್ಕಕ್ಕೆ ಸರಿದು ಕಂಪ್ಯೂಟರು ತೋರಿಸಿದರು.

“ಮೊದಲು ಅದಕ್ಕೆ ಕಣೇ.”