ಚಿನ್ನದಲ್ಲೂ ಬಂದ ಶಿಖರ

ತಮಿಳು ಸೀಮೆಯ ಗಿಂಡಿಯ ಲ್ಯಾಬಿನಲ್ಲಿ ನನ್ನ ಗೈಡ್ ಆಗಿದ್ದ ಮೇಡಂ ಉಡುಪಿ ಕಡೆಯವರು. ಗ್ರಾಫ್ ಚೆನ್ನಾಗಿ ಬಂದಷ್ಟೂ ಅವರಿಗೆ ಅನುಮಾನ ಹೆಚ್ಚು. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, "ಬೇರೆ ಎಂತ ಇರಬಹುದು ಮಾರಾಯ?" ಎನ್ನುತ್ತಿದ್ದರು.

ನನ್ನ ಕೆಲಸ ಒಂದು ವಿಚಿತ್ರ ಹರಳಿನ ಮೇಲೆ. ಅದರ ಒಳಗೆ ವಿದ್ಯುತ್ ಹರಿಯುವುದಿಲ್ಲ, ಮೈಮೇಲೆ ಮಾತ್ರ ಹರಿಯುತ್ತದೆ. ಅಡ್ಡಿಯೇ ಇಲ್ಲದೆ ವಿದ್ಯುತ್ ಹರಿಸುವ ಅತಿವಾಹಕ ಲೋಹವನ್ನು ತಾಗಿಸಿ ತೀರಾ ತಣ್ಣಗೆ ಮಾಡಿದರೆ, ಲೋಹದ ಗುಣ ಹರಳಿಗೂ ಹತ್ತುತ್ತದೆ. ಆಗ ಅಲ್ಲಿ ಹೊಸ ಬಗೆಯ ಕಣವೊಂದು ಸಿಗಬಹುದೆಂದು ಎಲ್ಲರೂ ಹುಡುಕುತ್ತಿದ್ದರು. ಒಂದು ದಿನ ನನ್ನ ಗ್ರಾಫಿನ ನಟ್ಟನಡುವೆ, ಆ ಕಣದ ಗುರುತೆನ್ನುವ ಶಿಖರ ಎದ್ದಿತು. ಪಿಎಚ್‌ಡಿ ಮುಗಿದಂತೆಯೇ ಎಂದುಕೊಂಡು ಪ್ರಬಂಧವನ್ನೂ ಬರೆದುಬಿಟ್ಟೆ.

"ಹರಳಿನ ಜಾಗದಲ್ಲಿ ಬರೀ ಚಿನ್ನ ಹಾಕಿ ನೋಡು," ಎಂದರು ಮೇಡಂ.

"ಚಿನ್ನದಲ್ಲಿ ಆ ಕಣ ಇರೋದೇ ಇಲ್ಲವಲ್ಲ, ಮೇಡಂ?"

"ಅದಕ್ಕೇ ಹೇಳಿದ್ದು."

ಚಿನ್ನದಲ್ಲೂ ಅದೇ ಶಿಖರ ಬಂತು. ಪ್ರಬಂಧ ಕಸದಬುಟ್ಟಿಗೆ ಹೋಯಿತು, ನನಗೆ ಅಳುವೇ ಬಂತು. ಮೇಡಂ ಕ್ಯಾಂಟೀನಿಗೆ ಫೋನ್ ಮಾಡಿ ತಮಿಳಿನಲ್ಲಿ ಎರಡು ಕಾಫಿ ಹೇಳಿದರು. ಆಮೇಲೆ ಸ್ಟೂಲ್ ಎಳೆದುಕೊಂಡು, ಹಬ್ಬಕ್ಕೆ ಬಂದವರ ಹಾಗೆ ಮುಖ ಅರಳಿಸಿ ನನ್ನ ಪಕ್ಕ ಕೂತರು.

"ಅಳುದು ಮತ್ತೆ ಆಗ್ಲಿ. ಚಿನ್ನದಲ್ಲಿ ಎಂತಕ್ಕೆ ಬಂತು, ಅದು ಹೇಳು."

ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಆ ಪ್ರಶ್ನೆಯ ಮೇಲೆಯೇ ನಾನು ಪಿಎಚ್‌ಡಿ ಮಾಡಿದೆ.